ಮಾತ್ರೆಯ ಬೆಲೆ ಮತ್ತು ಆಳುವವರ ಮಾತು

ಈ ಆರೋಗ್ಯ ವಿಭಾಗದಲ್ಲಿ ನಾವು ವಾಡಿಕೆಯಾಗಿ ಆಹಾರ, ಪಥ್ಯ, ಋತುಚರ್ಯೆಗಳ ವಿಚಾರವನ್ನು ಬರೆಯುತ್ತ ಬಂದಿದ್ದೇವೆ. ರೋಗಿಯ ಅಂಗೈಗೆ ಬಂದು ಸೇರುವ ಮಾತ್ರೆಯ ಹಿಂದೆ ದೇಶದೇಶಗಳ ವ್ಯಾಪಾರ ಒಪ್ಪಂದಗಳೂ ಅಧಿಕಾರದಲ್ಲಿರುವವರ ಪ್ರಾಮಾಣಿಕತೆಯೂ ಅಡಗಿರುತ್ತವೆ ಎಂಬುದರ ಕಡೆಗೆ ನಮ್ಮ ಗಮನ ಅಷ್ಟಾಗಿ ಹರಿಯುವುದಿಲ್ಲ. ಕಾಲು ಶತಮಾನದ ಹಿಂದೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಸಂಗತಿಗಳನ್ನು ಇಲ್ಲಿ ನೆನೆಯುವುದು ಅದಕ್ಕಾಗಿಯೇ. ಆ ಇತಿಹಾಸದಲ್ಲಿ ನಮ್ಮ ದೇಶಕ್ಕೂ ಒಂದು ಗೌರವದ ಸ್ಥಾನವಿದೆ.

1996ರ ವೇಳೆಗೆ, ಹಲವು ಔಷಧಗಳನ್ನು ಕೂಡಿಸಿ ಕೊಟ್ಟರೆ ಏಡ್ಸ್ ಪೀಡಿತರು ದೀರ್ಘಕಾಲ ಬದುಕಬಲ್ಲರೆಂಬುದು ಸ್ಪಷ್ಟವಾಗಿತ್ತು. ಶ್ರೀಮಂತ ರಾಷ್ಟ್ರಗಳಲ್ಲಿ ಸಾವಿನ ಸಂಖ್ಯೆ ಇಳಿಯತೊಡಗಿತು. ಆದರೆ ಆ ಚಿಕಿತ್ಸೆಗೆ ಒಬ್ಬ ರೋಗಿಗೆ ವರ್ಷಕ್ಕೆ 10,000ದಿಂದ 15,000 ಡಾಲರ್ ವೆಚ್ಚವಾಗುತ್ತಿತ್ತು. ಆಫ್ರಿಕಾದ ಬಡವನಿಗೆ ಅದು ಇದ್ದೂ ಇಲ್ಲದ ಔಷಧ. ನೆಲ್ಸನ್ ಮಂಡೇಲಾ ಅವರ ಸರ್ಕಾರ 1997ರಲ್ಲಿ, ಅಗ್ಗದ ಔಷಧಗಳನ್ನು ಹೊರದೇಶಗಳಿಂದ ತರಿಸಲು ಅವಕಾಶವೀಯುವ ಕಾಯಿದೆಯನ್ನು ತಂದಿತು. ಮರುವರ್ಷವೇ ಸುಮಾರು 40 ಔಷಧ ಕಂಪನಿಗಳು ಅದರ ವಿರುದ್ಧ ನ್ಯಾಯಾಲಯಕ್ಕೆ ಹೋದವು. ಪ್ರತಿವಾದಿಗಳ ಪಟ್ಟಿಯಲ್ಲಿ ಸ್ವತಃ ಮಂಡೇಲಾ ಅವರ ಹೆಸರಿತ್ತು! ಅಮೆರಿಕವು ದಕ್ಷಿಣ ಆಫ್ರಿಕಾವನ್ನು ತನ್ನ ವ್ಯಾಪಾರ ನಿಗಾ ಪಟ್ಟಿಗೆ ಸೇರಿಸಿತು. ಬೌದ್ಧಿಕ ಆಸ್ತಿಯ ರಕ್ಷಣೆ ಎಂಬುದು ಈ ಒತ್ತಡಕ್ಕೆ ಇಟ್ಟ ಹೆಸರು.

ಸಂಶೋಧನೆಗೆ ಹಣ ಬೇಕು, ಹೂಡಿದವನಿಗೆ ಪ್ರತಿಫಲ ಬೇಕು ಎಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ವಾದಿಸುವವರು ತಮ್ಮ ಮನೆಗೆ ಬೆಂಕಿ ಬಿದ್ದಾಗಲೂ ಅದೇ ಮಾತನ್ನು ಹೇಳಬೇಕಲ್ಲವೆ? 2001ರ ಶರತ್ಕಾಲದಲ್ಲಿ ಅಮೆರಿಕದಲ್ಲಿ ಅಂಚೆಯ ಮೂಲಕ ಆಂಥ್ರಾಕ್ಸ್ ಹರಡಿ ಐವರು ಸತ್ತರು. ಅದಕ್ಕೆ ಬೇಕಾದ ಸಿಪ್ರೊಫ್ಲಾಕ್ಸಸಿನ್ ಮಾತ್ರೆಯ ಪೇಟೆಂಟ್ ಬೇಯರ್ ಕಂಪನಿಯದಾಗಿತ್ತು. ಬೆಲೆ ಇಳಿಸದಿದ್ದರೆ ಪೇಟೆಂಟನ್ನು ಬದಿಗೆ ಸರಿಸುವುದಾಗಿ ಅಮೆರಿಕದ ಆರೋಗ್ಯ ಸಚಿವರೇ ಎಚ್ಚರಿಸಿದರು. ಕಂಪನಿ ಮಾತ್ರೆಯ ಬೆಲೆಯನ್ನು ಸುಮಾರು ಅರ್ಧಕ್ಕೆ, 95 ಸೆಂಟಿಗೆ, ಇಳಿಸಿತು. ಐದು ಸಾವುಗಳ ಮುಂದೆ ಬಾಗಿದ ನಿಯಮ ಆಫ್ರಿಕಾದ ಲಕ್ಷಾಂತರ ಸಾವುಗಳ ಮುಂದೆ ಬಾಗಿರಲಿಲ್ಲ. ಅದೇ ವರ್ಷ ಅಮೆರಿಕದ ವಿದೇಶಿ ನೆರವು ಸಂಸ್ಥೆಯ ಮುಖ್ಯಸ್ಥರು, ಆಫ್ರಿಕಾದ ಎಷ್ಟೋ ಜನರಿಗೆ ಗಡಿಯಾರದ ವೇಳೆಯ ಅರಿವಿಲ್ಲ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಲಾರರು ಎಂಬರ್ಥದ ಮಾತನ್ನಾಡಿದ್ದರು. ಚಿಕಿತ್ಸೆ ಕೊಟ್ಟ ಮೇಲೆ ಅಲ್ಲಿಯ ರೋಗಿಗಳು ಅದನ್ನು ನಿಷ್ಠೆಯಿಂದಲೇ ಸೇವಿಸಿದರು.

ಇಲ್ಲಿ ಭಾರತದ ಪ್ರವೇಶವಾಗುತ್ತದೆ. ನಮ್ಮ 1970ರ ಪೇಟೆಂಟ್ ಕಾಯಿದೆ, ಔಷಧವನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು, ಔಷಧಕ್ಕೇ ಅಲ್ಲ. ಅದೇ ಔಷಧವನ್ನು ಬೇರೊಂದು ವಿಧಾನದಿಂದ ಯಾರು ಬೇಕಾದರೂ ತಯಾರಿಸಬಹುದಿತ್ತು. ಈ ನೆರಳಿನಲ್ಲಿ ಬೆಳೆದ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅವರು 2001ರ ಫೆಬ್ರವರಿಯಲ್ಲಿ ಮೂರು ಔಷಧಗಳ ಚಿಕಿತ್ಸೆಯನ್ನು ಸೇವಾಸಂಸ್ಥೆಗೆ ವರ್ಷಕ್ಕೆ 350 ಡಾಲರಿಗೆ ಒದಗಿಸುವುದಾಗಿ ಘೋಷಿಸಿದರು. ದಿನಕ್ಕೆ ಒಂದು ಡಾಲರಿಗೂ ಕಡಿಮೆ! ಹಳೆಯ ಬೆಲೆಗೂ ತಯಾರಿಕೆಯ ಖರ್ಚಿಗೂ ಇದ್ದ ಅಂತರವನ್ನು ಲೋಕ ಕಣ್ಣಾರೆ ಕಂಡಿತು. ಏಪ್ರಿಲಿನಲ್ಲಿ ಕಂಪನಿಗಳು ದಾವೆಯನ್ನು ಹಿಂತೆಗೆದುಕೊಂಡವು. ನವೆಂಬರ್ 14ರಂದು ದೋಹಾದಲ್ಲಿ ಸೇರಿದ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ರಾಷ್ಟ್ರಗಳು, ಬೌದ್ಧಿಕ ಆಸ್ತಿಯ ಒಪ್ಪಂದವು ಜನರ ಆರೋಗ್ಯ ರಕ್ಷಣೆಗೆ ಅಡ್ಡಿಯಾಗಬಾರದೆಂದು ಒಪ್ಪಿ ಘೋಷಣೆ ಹೊರಡಿಸಿದವು.

ಹೊರಗಿನ ಹೋರಾಟ ಹೀಗೆ ಗೆದ್ದಿತು. ಆದರೂ ದಕ್ಷಿಣ ಆಫ್ರಿಕಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಸಿಗಲಿಲ್ಲ. ಮಂಡೇಲಾ ಅವರ ನಂತರ ಅಧ್ಯಕ್ಷರಾದ ಥಾಬೊ ಎಂಬೆಕಿ ಅವರು ಎಚ್‌ಐವಿಯಿಂದ ಏಡ್ಸ್ ಬರುತ್ತದೆಂಬುದನ್ನೇ ಶಂಕಿಸಿದರು. ಈ ಔಷಧಗಳು ವಿಷವೆಂದು ಸಾರುವವರಿಗೆ ಅವರ ಸಮಿತಿಯಲ್ಲಿ ಆಸನ ದೊರೆಯಿತು. ಆರೋಗ್ಯ ಸಚಿವೆ ಬೆಳ್ಳುಳ್ಳಿ, ನಿಂಬೆಹಣ್ಣು, ಬೀಟ್‌ರೂಟ್‌ಗಳನ್ನು ಹೊಗಳುತ್ತ ಔಷಧದ ಮಾತನ್ನು ಹಿಂದಕ್ಕೆ ತಳ್ಳಿದರು. ಬೆಳ್ಳುಳ್ಳಿ, ನಿಂಬೆಹಣ್ಣುಗಳ ಗುಣವನ್ನು ನಾವೂ ಬಲ್ಲೆವು. ಅಡುಗೆಮನೆಯ ಪದಾರ್ಥಗಳನ್ನು ಆದರಿಸುವ ಈ ಪುಟಗಳಲ್ಲಿಯೇ ಸ್ಪಷ್ಟವಾಗಿ ಹೇಳಬೇಕಾದ ಮಾತೆಂದರೆ, ಪುಷ್ಟಿಕರವಾದ ಆಹಾರ ರೋಗಿಗೆ ಆಸರೆ. ಅದು ವೈರಾಣುವನ್ನು ತಡೆಯುವ ಔಷಧಕ್ಕೆ ಬದಲಿಯಾಗಲಾರದು.

ಔಷಧ ಕಂಪನಿಗಳಿಗೆ ಲಾಭವೇ ಮುಖ್ಯವೆಂದು ಎಂಬೆಕಿ ಆಡಿದ ಮಾತಿನಲ್ಲಿ ಸತ್ಯವಿತ್ತು. ಆ ಸತ್ಯವನ್ನು ಒಂದು ಅಸತ್ಯಕ್ಕೆ ಹೊದಿಕೆಯಾಗಿ ಬಳಸಿದ್ದೇ ಅನರ್ಥಕ್ಕೆ ಕಾರಣ. ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ತಡೆಯುವ ನೆವಿರಾಪಿನ್ ಔಷಧವನ್ನು ಅದರ ತಯಾರಕರು ಐದು ವರ್ಷ ಉಚಿತವಾಗಿ ಕೊಡಲು 2000ದಲ್ಲಿಯೇ ಮುಂದೆ ಬಂದಿದ್ದರು. ಅಲ್ಲಿ ಬೆಲೆಯ ನೆಪವೂ ಇರಲಿಲ್ಲ. ಆದರೂ ಸರ್ಕಾರ ಅದನ್ನು ಪ್ರತಿ ಪ್ರಾಂತ್ಯದ ಎರಡೆರಡು ಕೇಂದ್ರಗಳಿಗೆ ಸೀಮಿತಗೊಳಿಸಿತು. ಕಡೆಗೆ ನಾಗರಿಕರ ಸಂಘಟನೆಯೊಂದು ದಾವೆ ಹೂಡಿ, 2002ರ ಜುಲೈನಲ್ಲಿ ಸಂವಿಧಾನ ನ್ಯಾಯಾಲಯದಿಂದ ಆದೇಶ ತರಬೇಕಾಯಿತು. ಎಚ್‌ಐವಿಯೊಂದಿಗೇ ಹುಟ್ಟಿದ ನ್ಕೋಸಿ ಜಾನ್ಸನ್ ಎಂಬ 11 ವರ್ಷದ ಬಾಲಕ 2000ದ ಡರ್ಬನ್ ಸಮ್ಮೇಳನದಲ್ಲಿ ಗರ್ಭಿಣಿಯರಿಗೆ ಔಷಧ ಕೊಡಿರೆಂದು ಬೇಡಿಕೊಂಡಿದ್ದ. ಆದೇಶ ಬರುವ ಹೊತ್ತಿಗೆ ಅವನು ತೀರಿಕೊಂಡು ವರ್ಷ ಕಳೆದಿತ್ತು. ಈ ವಿಳಂಬದಿಂದ 2000ದಿಂದ 2005ರವರೆಗೆ 3,30,000ಕ್ಕೂ ಹೆಚ್ಚು ಜೀವಗಳು ಹೋದವೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು.

ಹೋರಾಟದ ಮುಂದಾಳು ಜ್ಯಾಕಿ ಅಕ್ಮತ್ ಸ್ವತಃ ಸೋಂಕಿತರು. ಸರ್ಕಾರಿ ಆಸ್ಪತ್ರೆಯಲ್ಲಿ ಬಡವನಿಗೆ ದೊರೆಯುವವರೆಗೆ ತಾನೂ ಆ ಔಷಧವನ್ನು ಮುಟ್ಟೆನೆಂದು ವರ್ಷಗಟ್ಟಲೆ ವ್ರತ ಹಿಡಿದಿದ್ದರು. ಪಂಕ್ತಿಯಲ್ಲಿ ಕುಳಿತ ಎಲ್ಲರಿಗೂ ಬಡಿಸುವ ಮುನ್ನ ತುತ್ತೆತ್ತದ ಸಂಪ್ರದಾಯವನ್ನು ಬಲ್ಲ ನಮ್ಮ ಭಕ್ತರಿಗೆ ಅದನ್ನು ವಿವರಿಸಿ ಹೇಳಬೇಕಿಲ್ಲ.

ನಮ್ಮಲ್ಲಿಯೂ ಕರ್ನಾಟಕ ಹೆಚ್ಚು ಬಾಧಿತ ರಾಜ್ಯಗಳ ಸಾಲಿನಲ್ಲಿತ್ತು; ಬಾಗಲಕೋಟೆ, ಬೆಳಗಾವಿಗಳ ಹಳ್ಳಿಗಳು ಆ ದುಃಖವನ್ನು ಕಂಡಿವೆ. 2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಉಚಿತ ಚಿಕಿತ್ಸೆಯನ್ನು ಆರಂಭಿಸಿತು. ಔಷಧ ಇಲ್ಲಿಯೇ ಅಗ್ಗವಾಗಿ ತಯಾರಾಗದಿದ್ದರೆ ಅದು ಆಗುತ್ತಿರಲಿಲ್ಲ. ಮರುವರ್ಷ ವಿಶ್ವ ವ್ಯಾಪಾರ ಸಂಸ್ಥೆಯ ಕಟ್ಟಳೆಯಂತೆ ನಮ್ಮ ಕಾಯಿದೆ ತಿದ್ದುಪಡಿಯಾಗಿ ಔಷಧಕ್ಕೇ ಪೇಟೆಂಟ್ ಕೊಡುವುದು ಅನಿವಾರ್ಯವಾಯಿತು.

ಕೋವಿಡ್ ಕಾಲದಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾಗಳೇ ಜೊತೆಗೂಡಿ, 2020ರ ಅಕ್ಟೋಬರಿನಲ್ಲಿ, ಪೇಟೆಂಟ್ ನಿಯಮಗಳನ್ನು ತಾತ್ಕಾಲಿಕವಾಗಿ ಸಡಿಲಿಸಬೇಕೆಂದು ಕೋರಿದವು. 2022ರ ಜೂನಿನಲ್ಲಿ ದೊರೆತದ್ದು ಲಸಿಕೆಗೆ ಮಾತ್ರ ಅನ್ವಯಿಸುವ ಕುಂಟು ರಿಯಾಯಿತಿ. ನಮ್ಮ ಕಡೆಯ ಲೆಕ್ಕವನ್ನೂ ಮರೆಮಾಚಬಾರದು. 2021ರ ಆರಂಭದಲ್ಲಿ ರೋಗವನ್ನು ಗೆದ್ದೆವೆಂಬ ಧಾಟಿಯ ಮಾತುಗಳು ದೆಹಲಿಯಿಂದ ಕೇಳಿಬಂದವು. ಎರಡನೆಯ ಅಲೆ ಎದ್ದಾಗ ಲಸಿಕೆಯ ರಫ್ತು ನಿಂತು, ನಮ್ಮನ್ನು ನಂಬಿದ ಬಡ ದೇಶಗಳು ಕಾದು ಕುಳಿತವು. ಸ್ವಂತ ಜನರನ್ನು ಮೊದಲು ಕಾಯುವುದು ತಪ್ಪಲ್ಲ. ಗೆಲ್ಲುವ ಮೊದಲೇ ಗೆದ್ದೆವೆನ್ನುವುದು ತಪ್ಪು.

ಯುರೋಪ್ ಒಕ್ಕೂಟದೊಂದಿಗೆ ವ್ಯಾಪಾರ ಮಾತುಕತೆ 2007ರಲ್ಲಿ ಆರಂಭವಾದಂದಿನಿಂದ, ಔಷಧ ಪರೀಕ್ಷೆಯ ದತ್ತಾಂಶದ ಮೇಲೆ ಮೂಲ ಕಂಪನಿಗೆ ಕೆಲವು ವರ್ಷಗಳ ಏಕಸ್ವಾಮ್ಯ ಬೇಕೆಂಬ ಬೇಡಿಕೆಯ ಚರ್ಚೆ ನಡೆದಿದೆ. ಇದಕ್ಕೆ ಒಪ್ಪಿದರೆ ಪೇಟೆಂಟ್ ಇಲ್ಲದ ಔಷಧದ ಅಗ್ಗದ ರೂಪವೂ ತಡವಾಗಿ ಬರುತ್ತದೆ. ಕಾರು, ಮದ್ಯಗಳ ಸುಂಕಕ್ಕೂ ಜೀವರಕ್ಷಕ ಮಾತ್ರೆಗೂ ಒಂದೇ ಮೇಜಿನ ಮೇಲೆ ಚೌಕಾಸಿ ನಡೆಯುವುದು ನಮಗೆ ಸಮ್ಮತವಲ್ಲ. ಇಂತಹ ಒಪ್ಪಂದಗಳಿಗೆ ಸಹಿ ಹಾಕುವ ಮುನ್ನ ಸಂಸತ್ತಿನ ಅನುಮೋದನೆ ಪಡೆಯಬೇಕೆಂಬ ಕಡ್ಡಾಯ ನಮ್ಮ ದೇಶದಲ್ಲಿಲ್ಲ. ಆರೋಗ್ಯಕ್ಕೆ ಸಂಬಂಧಿಸಿದ ಭಾಗವನ್ನಾದರೂ ಮುಂಚಿತವಾಗಿ ಜನರ ಮುಂದಿಡಬೇಕೆಂಬುದು ನಮ್ಮ ಒತ್ತಾಯ. ಜಾತ್ರೆ, ಉತ್ಸವಗಳಿಗೆ ಸಂಸದರು ಮಠಗಳಿಗೆ ಬರುತ್ತಾರೆ, ಭಕ್ತರೊಡನೆ ಪ್ರಸಾದ ಸ್ವೀಕರಿಸುತ್ತಾರೆ. ಮುಂದಿನ ಬಾರಿ ಅವರು ಬಂದಾಗ ರಸ್ತೆ, ಸಮುದಾಯ ಭವನಗಳ ಮನವಿಯೊಂದಿಗೆ ಈ ಪ್ರಶ್ನೆಯನ್ನೂ ಕೇಳೋಣ.