ಆ ಒಂದು ನಿಮಿಷ
ನಮ್ಮ ಸಂಪಿಗೆ ಊರಿನ ಕಡೆಯ ರೈತ ಕೊಬ್ಬರಿಗೆಂದು ಅಟ್ಟದಲ್ಲಿಟ್ಟ ತೆಂಗಿನಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾನೆ. ಒಳಗೆ ಲೊಡಲೊಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದರ್ಥ. ಈ ವಾರ ಆಸ್ಪತ್ರೆಯಲ್ಲಿ ದೊಡ್ಡಮ್ಮನ ಪಕ್ಕ ಕೂತಾಗ ಅದೇ ಏಕಾಗ್ರತೆ ಕಂಡೆ. ಸಿಸ್ಟರ್ ನಾಡಿ ನೋಡಿದ ಮೇಲೂ ಮಣಿಕಟ್ಟು ಬಿಡದೆ, ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿದರು. ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರಿನ ಲಯವೇ ಬದಲಾಗುತ್ತದೆ; ಅದಕ್ಕೇ ಈ ಜಾಣ್ಮೆ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಉಸಿರು ಸಹಜ. ರಕ್ತದೊತ್ತಡ ಕುಸಿಯುವ ಮೊದಲೇ ಏರಿದ ಉಸಿರು ಅಪಾಯ ಸಾರುವುದುಂಟು. ಕಾಯಿಯ ಅಂದಾಜು ತಪ್ಪಿದರೆ ಹೋಗುವುದು ದುಡ್ಡು. ಇಲ್ಲಿ ಅಂದಾಜಿಗೆ ಬರೆದ ಅಂಕಿಯಿಂದ ಜೀವವೇ ಹೋಗಬಹುದು. ಒಬ್ಬ ನರ್ಸ್‌ಗೆ ಹತ್ತಾರು ಹಾಸಿಗೆ ಹೊರಿಸುವವರಲ್ಲಿ ನನ್ನದೊಂದೇ ವಿನಂತಿ: ಆ ಒಂದು ನಿಮಿಷವನ್ನು ಅವರಿಂದ ಕಸಿಯಬೇಡಿ.