ಗೋಡೆ ಒಣಗುವ ದಿನಕ್ಕೂ ಕೂಲಿ ಇರಲಿ

ನಾಗಪುರಕ್ಕೆ ಕೆಲಸಕ್ಕೆ ಬಂದು ಇಲ್ಲೇ ಫ್ಲ್ಯಾಟ್ ಕೊಂಡ ನಮ್ಮವರ ಹಲವು ಮನೆಗಳಲ್ಲಿ ಈಗ ಟಿವಿ ಹಿಂದಿನ ಗೋಡೆಗಾದರೂ ಟೆಕ್ಸ್ಚರ್ ಇರುತ್ತದೆ. ಬಾಚಣಿಗೆಯಲ್ಲಿ ಎಳೆದ ಗೆರೆ, ಸ್ಪಂಜಿನಲ್ಲಿ ಒತ್ತಿದ ಉಬ್ಬು, ಕರಣೆಯಲ್ಲಿ ಉಜ್ಜಿ ತಂದ ಅಮೃತಶಿಲೆಯ ಹೊಳಪು. ನೋಡಲು ಚಂದವೇ. ನನ್ನ ತಕರಾರು ಆತುರದ ಬಗ್ಗೆ.

ಇಲ್ಲಿನ ಬೇಸಿಗೆ 45 ಡಿಗ್ರಿ ದಾಟುತ್ತದೆ. ಆ ಬಿಸಿಲಿನಲ್ಲಿ ಹೊಸ ಸಿಮೆಂಟ್ ಪ್ಲಾಸ್ಟರಿಗೆ ಸರಿಯಾಗಿ ನೀರುಣಿಸದಿದ್ದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ವಾಸವಿರುವ ಮನೆಯಲ್ಲಿ ಬೇರೆ ಕಷ್ಟ. ತಿಂಗಳುಗಟ್ಟಲೆ ಓಡುವ ಕೂಲರ್ ತಂಪಿನ ಜೊತೆ ತೇವವನ್ನೂ ತುಂಬುತ್ತದೆ. ಅದರ ಬೆನ್ನಿಗೇ ಮಳೆಗಾಲ. ತೇವದ ಗೋಡೆಗೆ ಅಕ್ರಿಲಿಕ್ ಟೆಕ್ಸ್ಚರ್ ಬಳಿದರೆ ನೀರು ಒಳಗೇ ಸಿಕ್ಕಿಕೊಂಡು, ಗುಳ್ಳೆ ಎದ್ದು, ಕಳಚುತ್ತದೆ. ಪಿಒಪಿಯಾದರೆ ತೇವ ಕುಡಿದು ಮೆತ್ತಗಾಗುತ್ತದೆ.

ಆಗ ಬೈಸಿಕೊಳ್ಳುವವನು ಕೆಲಸಗಾರ. ಅವನಿಗೆ ಸಿಗುವುದು ಚದರಡಿ ಲೆಕ್ಕದ ಕೂಲಿ. ಕಾಯುವ ದಿನಕ್ಕೆ ಕಾಸಿಲ್ಲ. ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟು, ಶುಕ್ರವಾರದೊಳಗೆ ಮುಗಿಸು ಎನ್ನುವವರು ಮನೆಯವರೇ.

ಈ ಕಸುಬಿಗೆ ಕನ್ನಡದಲ್ಲಿ ಗಾರೆ ಕೆಲಸ ಎಂಬ ಹಳೆಯ ಹೆಸರಿದೆ. ಹಂಪಿಯ ಕಮಲ ಮಹಲಿನ ಕಮಾನುಗಳ ಮೇಲಿನ ಗಾರೆಯ ಅಲಂಕಾರ 1565ರ ನಾಶವನ್ನೂ ಆಮೇಲಿನ ನಾಲ್ಕೂವರೆ ಶತಮಾನಗಳ ಮಳೆ ಬಿಸಿಲನ್ನೂ ದಾಟಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ, ಒಳಗಿನ ತೇವವನ್ನು ಹೊರಬಿಡುತ್ತದೆ. ಒಂದು ಪದರ ಗಟ್ಟಿಯಾಗದೆ ಇನ್ನೊಂದು ಹಚ್ಚುವಂತಿಲ್ಲ. ಅಲ್ಲಿ ಕಾಯುವುದೂ ಕೆಲಸವೇ.

ಟೆಕ್ಸ್ಚರ್ ಮಾಡಿಸುವ ಮುನ್ನ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಒಳಗೆ ಹನಿ ಕಂಡರೆ ಮೊದಲು ತೇವ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಸರಿಪಡಿಸಿ. ಹೊಸ ಸಿಮೆಂಟ್ ಪ್ಲಾಸ್ಟರಿಗೆ ಕನಿಷ್ಠ 28 ದಿನ ಕೊಡಿ. ಬೇಕಾದ ವಿನ್ಯಾಸವನ್ನು ಸಣ್ಣ ಹಲಗೆಯ ಮೇಲೆ ಮಾಡಿಸಿ ನೋಡಿ, ಅದಕ್ಕೂ ಕೂಲಿ ಕೊಡಿ. ಗೋಡೆ ಒಣಗಿಲ್ಲ, ನಾಳೆ ಬರುತ್ತೇನೆ ಎಂದು ಮಿಸ್ತ್ರಿ ಹೇಳಿದರೆ ಸೋಮಾರಿ ಎನ್ನಬೇಡಿ. ಆ ದಿನದ ಅರ್ಧ ಕೂಲಿಯನ್ನಾದರೂ ಲೆಕ್ಕಕ್ಕೆ ಹಿಡಿಯಿರಿ.

ಮನೆ ಸಾಲ ತೀರಿಸಲು 20 ವರ್ಷ ಒಪ್ಪಿಕೊಂಡವರಿಗೆ, ಅದೇ ಮನೆಯ ಗೋಡೆ ಒಣಗಲು ಒಂದು ತಿಂಗಳು ಹೆಚ್ಚೇನಲ್ಲ.