ಎಣ್ಣಿ ಎತ್ತಿ ಹಿಡದದ ಅಂತ ಕಾರಿನ ಬುಡಕ ಹೋಗೂದು

ವೈನಿ, ಕಾಕು, ಮೌಶಿ, ಬಾಜೂ ಮನಿ ಅಕ್ಕಾರ, ಎಲ್ಲಾರೂ ಕೇಳ್ರಿ. ಇಲ್ಲೆ ಫ್ರಾನ್ಸಿನ್ಯಾಗ ನಮ್ಮ ಮನಿಯವರಂಥಾ ಹಳೇ ಸಿಟ್ರೊಯೆನ್ ಕಾರಿನ ಹುಚ್ಚರು ಭಾಳ ಇದ್ದಾರ. ರವಿವಾರ ಬಂತಂದ್ರ ಗಂಡ ಕಾರಿನ ಬುಡಕ, ಹೆಂಡತಿ ಸ್ಟೇರಿಂಗ್ ಮುಂದ. "ಆ ಹಿಡಿಕಿ ಸ್ವಲ್ಪ ಎಳಿ" ಅಂತ ಕೆಳಗಿಂದ ಹುಕುಂ ಬರ್ತದ. ನನ್ನ ಜಗಳ ಈ ಹುಕುಮಿನ ಜೋಡಿ.

ಈ ಕಾರಿಗೆ ಎಲ್ಲಾ ಕಾರಿನಂಗ ಸ್ಪ್ರಿಂಗ್ ಇರೂದಿಲ್ಲ. 1955ರಾಗ ಪ್ಯಾರಿಸ್ಸಿನ ಪ್ರದರ್ಶನಕ್ಕ ಡಿಎಸ್ ಅನ್ನೋ ಕಾರು ಬಂತು. ನಾಲ್ಕೂ ಗಾಲಿಗೆ ಒಂದೊಂದು ಉಕ್ಕಿನ ಗುಂಡು. ಅದರಾಗ ಒಂದು ಕಡೆ ನೈಟ್ರೋಜನ್, ಇನ್ನೊಂದು ಕಡೆ ಎಣ್ಣಿ. ಇಂಜಿನ್ನಿನ ಪಂಪು ಎಣ್ಣಿ ಒತ್ತಿದ್ರ ಕಾರು ತಾನ ಮ್ಯಾಲ ಏಳ್ತದ, ಎಣ್ಣಿ ವಾಪಸ್ ಬಿಟ್ರ ಎಮ್ಮಿ ಕೂತಂಗ ಕೂತುಬಿಡ್ತದ. ಮುಂದ ಬಂದ ಸಿಎಕ್ಸ್, ಬಿಎಕ್ಸ್, ಝಾಂತಿಯಾ ಎಲ್ಲಾ ಇದ ಜಾತಿ. ನೋಡ್ಲಿಕ್ಕೆ ಭಾಳ ಚಂದ, ಸುಳ್ಳ್ಯಾಕ ಹೇಳ್ಲಿ.

"ಗಾಡಿ ತಾನ ಎದ್ದು ನಿಂತದ, ಸ್ಟ್ಯಾಂಡ್ ಯಾಕ ಬೇಕು?" ಇದು ಗಂಡಸರ ವಾದ. ಅದು ನಿಂತಿಲ್ರೀ, ಎಣ್ಣಿ ಹಿಡಕೊಂಡದ. ನಮ್ಮ ಕುಕ್ಕರು ಸೀಟಿ ಹೊಡಿಯೂದು ಸುಮಾರು 1 ಬಾರ್ ಒತ್ತಡಕ್ಕ. ಈ ಪೈಪಿನ್ಯಾಗ ಇರೂದು 150 ಬಾರ್ ಆಸುಪಾಸು. ಒತ್ತಡ ಇಳಿಯೂಕಿಂತ ಮೊದಲ ಕುಕ್ಕರಿನ ಮುಚ್ಚಳ ತಗಿ ಅಂದ್ರ ಓಡಿ ಹೋಗೋ ಮನಷ್ಯಾ, ಸುಮಾರು 1,300 ಕಿಲೋ ಕಾರಿನ ಬುಡಕ ಅಂಗಾತ ಮಲಗಿ ಅದ ಪೈಪಿನ ನಟ್ ಬಿಚ್ಚತಾನ! ನಟ್ ಬಿಚ್ಚಿದ್ರ ಎಣ್ಣಿ ಹೊರಗ, ಕಾರು ಎದಿ ಮ್ಯಾಲ. ಬಿಚ್ಚೂದೂ ಬ್ಯಾಡ, ಹಳೇ ಪೈಪು ಒಂದು ತುಕ್ಕು ಹಿಡದು ಒಡದ್ರ ಸಾಕು.

ಡಿಎಸ್ ಕಾರಿನ ಟೈರ್ ಬದಲಿ ಮಾಡ್ಲಿಕ್ಕೆ ಜ್ಯಾಕೂ ಬೇಕಾಗಿಲ್ಲ. ಪೂರಾ ಎತ್ತಿ, ಬಾಜೂಕ ಒಂದು ಕಬ್ಬಿಣದ ಕಾಲು ಇಟ್ಟು, ಹಿಡಿಕಿ ಕೆಳಗ ತಂದ್ರ ಗಾಲಿ ತಾನ ನೆಲಾ ಬಿಡ್ತದ. ಆ ಕಾಲು ಟೈರಿಗೆ ಅಷ್ಟ ಮಾಡಿದ್ದು. ಅದನ್ನ ನಂಬಿ ಬುಡಕ ಹೋಗಬಾರದು. ಝಾಂತಿಯಾದಾಗಿನ್ನೊಂದು ಮೋಸ ಅದ: ಇಂಜಿನ್ ಬಂದ್ ಆದ ಮ್ಯಾಲೂ ಎಣ್ಣಿ ತಡದು ಹಿಡಿಯೋ ವಾಲ್ವ್. "ರಾತ್ರಿಯಿಡೀ ಕೂತಿಲ್ಲ ನೋಡು" ಅಂತ ಧೈರ್ಯ ತುಂಬಕೋತಾರ. ವಾಲ್ವೂ ಎಣ್ಣಿನ ಹಿಡಿಯೂದು, ಮನಷ್ಯಾನ್ನಲ್ಲ. ಊರಾಗ ಟ್ರ್ಯಾಕ್ಟರಿನ ಟ್ರೇಲರ್ ಎತ್ತಿ, ಆಧಾರ ಕೊಡದ ಕೆಳಗ ತಲಿ ಹಾಕ್ತಾರಲ್ಲ, ಅದೂ ಇದ ಕಥಿ.

ಹಿಡಿಕಿ ಇರೂದು ಕಾರಿನೊಳಗ, ಅಂದ್ರ ನಮ್ಮ ಕೈಯಾಗ. ಹಂಗಾರ ಮುಟ್ಟೂಕಿಂತ ಮೊದಲ ನಾವ ಕೇಳಬೇಕು. ನೆಲ ಗಟ್ಟಿ, ಸಪಾಟ ಅದ ಏನು? ನೆಲದ ಮ್ಯಾಲ ಉಳಿಯೋ ಗಾಲಿಗೆ ಹಿಂದ ಮುಂದ ಅಡ್ಡ ಇಟ್ಟೀರೇನು? ಕಾರು ಎತ್ತಿದ ಮ್ಯಾಲ, ಮೈ ಒಳಗ ಹಾಕದ ಹೊರಗ ಕೂತು, ಪುಸ್ತಕದಾಗ ತೋರಿಸಿದ ಜಾಗಾಕ್ಕ ಎರಡೂ ಬಾಜೂ ಸ್ಟ್ಯಾಂಡ್ ಇಡಲಿ. ಆಮ್ಯಾಲ ನಾವು ಹಿಡಿಕಿ ಕೆಳಗ ತಂದು ಭಾರ ಸ್ಟ್ಯಾಂಡಿನ ಮ್ಯಾಲ ಕೂಡಸೂದು. ಇಂಜಿನ್ ಬಂದ್, ಕೀಲಿ ನಮ್ಮ ಸೆರಗಿನಾಗ, ಹುಡುಗರು ಕಾರಿನಿಂದ ಹೊರಗ. ಕಾರು ಜೋರಾಗಿ ದಬ್ಬಿ ನೋಡಿ, ಅಳ್ಳಾಡಲಿಲ್ಲ ಅಂದ್ರ ಅವರು ಬುಡಕ ಹೋಗಲಿ. ಪೈಪ್ ಬಿಚ್ಚೂದಿದ್ರ ಮೊದಲ ಒತ್ತಡ ಬಿಡೋ ಸ್ಕ್ರೂ ಸಡಲ ಮಾಡಬೇಕು.

ಕೆಲಸ ಮುಗದ ಮ್ಯಾಲ ಸ್ಟ್ಯಾಂಡ್ ಜಗ್ಗಲಿಕ್ಕೆ ಅವಸರ ಮಾಡ್ತಾರ, ಬಿಡಬ್ಯಾಡ್ರಿ. ಅವರು ಪೂರ್ತಿ ಹೊರಗ ಬಂದು ನಿಮ್ಮ ಕಣ್ಣಮುಂದ ನಿಲ್ಲಲಿ. ಆಮ್ಯಾಲ ಇಂಜಿನ್ ಹಚ್ಚಿ, ಕಾರು ಪೂರಾ ಎದ್ದ ಮ್ಯಾಲನ ಸ್ಟ್ಯಾಂಡ್ ತಗೀರಿ.